ವಿನ್ಯೆಟ್ ಹಟ್‌ನಿಂದ ಝೆರ್ಮಾಟ್‌ಗೆ: ಓಟ್ ರೂಟ್‌ನ ಕೊನೆಯ ದಿನ

ಆಲ್ಪ್ಸ್ ಪರ್ವತದಲ್ಲಿ ವಾರಪೂರ್ತಿ ಸ್ಕೀ ಮೇಲೆ ಹೋಗುವ ದಾರಿ ಓಟ್ ರೂಟ್. ಅದರ ಕೊನೆಯ ದಿನ ಶುರುವಾಗುವುದು ಹಿಂದಿನ ದಿನ ಸಂಜೆ ಐದು ಗಂಟೆಗೆ. ಸ್ವಿಟ್ಜರ್‌ಲ್ಯಾಂಡ್‌ನ ಹಿಮಕುಸಿತ ಸಂಸ್ಥೆ ಎಸ್‌ಎಲ್‌ಎಫ್ ಆ ಹೊತ್ತಿಗೆ ಹಿಮಕುಸಿತದ ಅಪಾಯ ಎಷ್ಟಿದೆ ಅನ್ನುವ ಹೊಸ ವರದಿ ಹಾಕುತ್ತದೆ. ನೀವು ಆಗ ವಿನ್ಯೆಟ್ ಹಟ್ ಅನ್ನುವ ಬೆಟ್ಟದ ತಂಗುಮನೆಯ ಬೆಂಚಿನ ಮೇಲೆ ಒದ್ದೆ ಸಾಕ್ಸ್ ಬಿಚ್ಚಿ, ಸೂಪಿಗೆ ಕಾಯುತ್ತಾ ಕೂತಿರುತ್ತೀರಿ. ಐದಾರು ದಿನ ನಡೆದು ಕಾಲು ಸೋತಿರುತ್ತದೆ. ಪಕ್ಕದ ಟೇಬಲ್‌ನವರು ಬಿಯರ್ ಹಿಡಿದುಕೊಂಡು ‘ನಾಳೆ ಝೆರ್ಮಾಟ್’ ಅಂತ ಹಾಡುತ್ತಿರುತ್ತಾರೆ. ಹಾಡು ಕೇಳಿ, ಆದರೆ ಮೊದಲು ವರದಿ ಓದಿ.

ನಾನು ತಿಪಟೂರಿನವಳು. 26 ವರ್ಷದವರೆಗೆ ನಾನು ನೋಡಿದ್ದ ಹಿಮವೆಲ್ಲ ಫ್ರಿಜ್ಜಿನ ಫ್ರೀಜರ್ ಗೋಡೆಗೆ ಅಂಟಿದ್ದೇ. ಕೆಲಸಕ್ಕೆ ಬೆರ್ನ್‌ಗೆ ಬಂದೆ, 31ಕ್ಕೆ ಸ್ಕೀ ಕಲಿತೆ. ಮಕ್ಕಳ ಜೊತೆ ಬೇಬಿ ಲಿಫ್ಟ್‌ನಲ್ಲಿ ಬಿದ್ದು ಬಿದ್ದು ಕಲಿತದ್ದು. ಫ್ರಾನ್ಸ್‌ನ ಶಾಮನಿಯಿಂದ ಸ್ವಿಟ್ಜರ್‌ಲ್ಯಾಂಡ್‌ನ ಝೆರ್ಮಾಟ್‌ವರೆಗಿನ ಈ ದಾರಿಯ ಕೊನೆಯ ದಿನಕ್ಕೆ ಮೂರು ಸಲ ಹೊರಟಿದ್ದೇನೆ. ಎರಡು ಸಲ ಝೆರ್ಮಾಟ್ ಸೇರಿದೆ. ಇನ್ನೊಂದು ಸಲ ಅರೋಲಾ ಹಳ್ಳಿಗೆ ಇಳಿದು, ಹಳದಿ ಪೋಸ್ಟ್ ಬಸ್ ಹತ್ತಿ ಮನೆಗೆ ಬಂದೆ. ಇಲ್ಲಿ ಬರೆದಿರುವುದರಲ್ಲಿ ಜಾಸ್ತಿ ಭಾಗ ಆ ಬಸ್ಸಿನಲ್ಲಿ ಕೂತು ಯೋಚಿಸಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಲೇಸಿಯರ್‌ನ, ಅಂದರೆ ಹಿಮನದಿಯ, ಬಿರುಕಿಗೆ ಬಿದ್ದವರನ್ನು ಹಗ್ಗದಿಂದ ಮೇಲೆತ್ತಲು ನಿಮ್ಮ ಗುಂಪಿನಲ್ಲಿ ಕನಿಷ್ಠ ಇಬ್ಬರಿಗೆ ಬರದಿದ್ದರೆ ಗೈಡ್ ಇಲ್ಲದೆ ಹೋಗಬೇಡಿ. ನಾವು ಮೂರು ಸಲವೂ ಗೈಡ್ ಜೊತೆಗೇ ಹೋದೆವು. ವಾಲೆ ಪ್ರಾಂತ್ಯದವರು, ಅರವತ್ತು ದಾಟಿದವರು, ಮಾತು ಕಮ್ಮಿ. ಗಡಿಯಾರ ಮಾತ್ರ ನಿಮಿಷಕ್ಕೊಮ್ಮೆ ನೋಡುತ್ತಿದ್ದರು.

ಮೊದಲು ಲೆಕ್ಕ. ಹಟ್ ಇರುವುದು ಸುಮಾರು 3,160 ಮೀಟರ್ ಎತ್ತರದಲ್ಲಿ. ಝೆರ್ಮಾಟ್ ಸುಮಾರು 1,600 ಮೀಟರ್‌ನಲ್ಲಿ. ನಡುವೆ 30 ಕಿಲೋಮೀಟರ್ ದಾರಿ, ಮೂರು ಕೋಲ್‌ಗಳು. ಕೋಲ್ ಅಂದರೆ ಎರಡು ಶಿಖರಗಳ ನಡುವಿನ ತಗ್ಗು, ನಮ್ಮ ಘಾಟಿಯ ತುದಿ ಇದ್ದ ಹಾಗೆ. ಮೊದಲು ಕೋಲ್ ದ ಲೆವೆಕ್, ಆಮೇಲೆ ಕೋಲ್ ದು ಮಾನ್ ಬ್ರುಲೆ, ಕೊನೆಗೆ ಕೋಲ್ ದ ವಾಲ್ಪೆಲಿನ್. ಒಟ್ಟು ಹತ್ತುವುದು ಸಾವಿರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಇಳಿಯುವುದು ಎರಡೂವರೆ ಸಾವಿರಕ್ಕಿಂತ ಜಾಸ್ತಿ. ಕುಮಾರಪರ್ವತ ಹತ್ತಿದವರಿಗೆ ಸಾವಿರ ಮೀಟರ್ ದೊಡ್ಡದಲ್ಲ ಅನ್ನಿಸಬಹುದು. ಅಲ್ಲಿ ಮಧ್ಯಾಹ್ನ ಎರಡಕ್ಕೆ ನೆಲ ಕರಗುವುದಿಲ್ಲ. ಇಲ್ಲಿ ಕರಗುತ್ತದೆ.

ಈ ದಿನದ ಎಲ್ಲ ನಿರ್ಧಾರಕ್ಕೂ ಇದೇ ಕಾರಣ. ವಸಂತದಲ್ಲಿ ಹಗಲು ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಶಾಖ ಆಕಾಶಕ್ಕೆ ಹೋಗಿ ಗಟ್ಟಿ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಅದು ಗ್ರಾನೈಟ್ ಕಲ್ಲಿನ ಹಾಗೆ ಇರುತ್ತದೆ. ಬಿಸಿಲು ಬಿದ್ದ ಮೇಲೆ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಸಡಿಲವಾಗುತ್ತದೆ. ಆಗ ಅದು ನೋಡಲಿಕ್ಕೂ, ಕಾಲಡಿ ಸದ್ದಿಗೂ ಥೇಟ್ ಬನ್ಸಿ ರವೆ. ಇಲ್ಲಿನವರು ಫಿರ್ನ್ ಅನ್ನುತ್ತಾರೆ. ಇದರ ಮೇಲೆ ಸ್ಕೀ ಮಾಡುವ ಸುಖಕ್ಕೇ ಜನ ಇಡೀ ವಾರ ಬೆನ್ನ ಮೇಲೆ ಮೂಟೆ ಹೊರುತ್ತಾರೆ. ಆ ರವೆ ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಇರುತ್ತದೆ. ಆಮೇಲೆ ಅದು ಗಂಜಿ. ಮೊಣಕಾಲವರೆಗೆ ಹೂತುಹೋಗುವ, ಇಳಿಜಾರಿನಿಂದ ಹಾಗೇ ಜಾರಿ ಬರುವ ಒದ್ದೆ ಗಂಜಿ.

ಅದಕ್ಕೇ ರಾತ್ರಿ ಒಂದಕ್ಕೆ ಬಾತ್‌ರೂಮಿಗೆ ಎದ್ದಾಗ ಹೊರಗೆ ಹೋಗಿ ಆಕಾಶ ನೋಡಿ. ನಕ್ಷತ್ರ ಕಾಣಿಸಿದರೆ ಒಳ್ಳೆಯದು. ಮೋಡ ಮುಚ್ಚಿದ್ದರೆ ಹಿಮ ಹೆಪ್ಪುಗಟ್ಟುವುದಿಲ್ಲ, ಬೆಳಿಗ್ಗೆಯೇ ಗಂಜಿ. ಹಟ್‌ನ ಅಂಚಿನ ಹಿಮಕ್ಕೆ ಸ್ಕೀ ಕೋಲು ಚುಚ್ಚಿ ನೋಡಿ. ಟಕ್ ಅಂದರೆ ಹೊರಡಬಹುದು. ಸದ್ದಿಲ್ಲದೆ ಒಳಗೆ ಹೋದರೆ ಗೈಡ್ ಮುಖ ನೋಡಿ. ಸಹಾರಾದ ಧೂಳು ಬಿದ್ದ ವರ್ಷ ಇನ್ನೂ ಹುಷಾರಾಗಿರಬೇಕು. 2021ರ ಫೆಬ್ರವರಿಯಲ್ಲಿ ಇಡೀ ಆಲ್ಪ್ಸ್ ಅರಿಶಿನ ಚೆಲ್ಲಿದ ಹಾಗೆ ಆಗಿತ್ತು. ಆ ಬಣ್ಣದ ಪದರ ಬಿಸಿಲನ್ನು ಹೀರಿಕೊಂಡು ಹಿಮವನ್ನು ಬೇಗ ಕರಗಿಸುತ್ತದೆ.

ಸಂಜೆಯೇ ಮಾಡಬೇಕಾದ ಕೆಲಸದಲ್ಲಿ ದೊಡ್ಡದು ಸ್ಕಿನ್‌ಗಳದ್ದು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹತ್ತುವಾಗ ಸ್ಕೀ ಹಲಗೆಯ ಅಡಿಗೆ ಅಂಟಿಸುವ ಉದ್ದನೆಯ ಪಟ್ಟಿ ಅದು. ಒಂದು ಕಡೆ ಅಂಟು, ಇನ್ನೊಂದು ಕಡೆ ಸಣ್ಣ ಕೂದಲು. ಬೆಕ್ಕಿನ ಮೈ ಸವರಿದ ಹಾಗೆ, ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ತಡೆಯುತ್ತದೆ. ವಾರದ ಕೊನೆಗೆ ಆ ಅಂಟು ದಣಿದಿರುತ್ತದೆ. ಹಿಮದ ಪುಡಿ, ಕೂದಲು, ಸ್ವೆಟರ್ ದಾರ ಎಲ್ಲ ಹತ್ತಿರುತ್ತದೆ. ಒಲೆ ಇರುವ ಕೋಣೆಯಲ್ಲಿ ಒಣಗಲು ಹಾಕಿ, ಆದರೆ ಒಲೆಗೆ ತೀರಾ ಹತ್ತಿರ ಬೇಡ, ಅಂಟು ಕರಗಿ ಹಲಗೆಗೇ ಉಳಿದುಬಿಡುತ್ತದೆ. ಒಣಗಿದ ಮೇಲೆ ಅಂಟಿಗೆ ಅಂಟು ಸೇರಿಸಿ ಮಡಚಿ, ಹೆಸರು ಬರೆದ ಚೀಲದಲ್ಲಿಡಿ. ಅರವತ್ತು ಜನರ ಕಪ್ಪು ಸ್ಕಿನ್‌ಗಳು ಒಂದೇ ಗೂಟಕ್ಕೆ ನೇತಾಡುತ್ತಿರುತ್ತವೆ. ಬೆಳಿಗ್ಗೆ ನಾಲ್ಕೂವರೆಗೆ ಯಾರದ್ದೋ ಎತ್ತಿಕೊಂಡು ಹೋದರೆ ನಿಮ್ಮ ದಿನವೂ ಹಾಳು, ಅವರದ್ದೂ ಹಾಳು.

ನಾನು ಮೊದಲ ಸಲ ಇದನ್ನೇ ತಪ್ಪು ಮಾಡಿದ್ದು. ಸುಸ್ತಾಗಿತ್ತು, ಒದ್ದೆ ಸ್ಕಿನ್ ಹಾಗೇ ಚೀಲಕ್ಕೆ ತುರುಕಿ ಮಲಗಿದೆ. ಮರುದಿನ ಮೂರನೇ ಕೋಲ್ ಹತ್ತುವಾಗ, ಇನ್ನು ಮುನ್ನೂರು ಮೀಟರ್ ಏರು ಇದೆ ಅನ್ನುವಾಗ, ಎಡಗಾಲಿನ ಸ್ಕಿನ್ ಹಿಂದಿನಿಂದ ಬಿಟ್ಟುಕೊಂಡಿತು. ಹೆಜ್ಜೆ ಇಟ್ಟಾಗಲೆಲ್ಲ ಹಾವಿನ ಬಾಲದ ಹಾಗೆ ಹಿಂದೆ ಹರಿದಾಡುತ್ತಿತ್ತು. ಗೈಡ್ ಒಂದೂ ಮಾತಾಡದೆ ತಮ್ಮ ಜೇಬಿನಿಂದ ಎರಡು ರಬ್ಬರ್ ಸ್ಟ್ರ್ಯಾಪ್ ತೆಗೆದು ಹಲಗೆಗೆ ಸುತ್ತಿ ಬಿಗಿದರು. ಹೀಗೆ ಬಿಗಿದರೆ ಜಾರುವುದಿಲ್ಲ, ಪ್ರತಿ ಹೆಜ್ಜೆ ಎತ್ತಿ ಇಡಬೇಕು. ಹತ್ತಿ ಮುಗಿಸಿದಾಗ ಎಡ ತೊಡೆ ಕಲ್ಲಾಗಿತ್ತು. ಅವತ್ತಿನಿಂದ ನನ್ನ ಜಾಕೆಟ್ ಜೇಬಿನಲ್ಲಿ ನಾಲ್ಕು ಸ್ಟ್ರ್ಯಾಪ್ ಯಾವಾಗಲೂ ಇರುತ್ತದೆ. ಚೀಲದಲ್ಲಲ್ಲ, ಜೇಬಿನಲ್ಲಿ. ಕೋಲ್‌ನಿಂದ ಕೋಲ್‌ಗೆ ಇಳಿಯುವಾಗ ಸ್ಕಿನ್‌ಗಳನ್ನೂ ಜಾಕೆಟ್ ಒಳಗೆ ಹೊಟ್ಟೆಯ ಹತ್ತಿರ ಇಟ್ಟುಕೊಳ್ಳಿ. ಮೈ ಬಿಸಿಗೆ ಅಂಟು ಜೀವ ಹಿಡಿದುಕೊಂಡಿರುತ್ತದೆ. ಹೊಟ್ಟೆ ತಣ್ಣಗಾಗುತ್ತದೆ, ಸಹಿಸಿಕೊಳ್ಳಿ.

ಬೆಳಿಗ್ಗೆ ತಿಂಡಿ ಅಂದರೆ ಬ್ರೆಡ್, ಜ್ಯಾಮ್, ಚೀಸ್. ಆ ಹೊತ್ತಿಗೆ ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ತಿನ್ನಿ. ಫ್ಲಾಸ್ಕಿಗೆ ಟೀ ತುಂಬಿಸಿಕೊಳ್ಳಿ. ಜೇಬಿಗೆ ಏನು ಅಂತ ಕೇಳಿದರೆ ನನ್ನ ಉತ್ತರ ತಂಬಿಟ್ಟು. ಮೊದಲ ಸಲ ಕಡಲೆ ಚಿಕ್ಕಿ ಒಯ್ದಿದ್ದೆ. ಮೈನಸ್ ಹತ್ತರಲ್ಲಿ ಅದು ಟೈಲ್ಸ್. ಹಲ್ಲಿನ ಡಾಕ್ಟರ್‌ಗೆ ಇಲ್ಲಿ ಎಷ್ಟು ದುಡ್ಡು ಗೊತ್ತಲ್ಲ. ತಂಬಿಟ್ಟು ಒಳಜೇಬಿನಲ್ಲಿದ್ದರೆ ಮೆತ್ತಗಿರುತ್ತದೆ, ಗ್ಲೌಸ್ ಹಾಕಿದ ಕೈಯಲ್ಲೂ ತಿನ್ನಬಹುದು.

ಬಾಗಿಲಲ್ಲೇ ಟ್ರಾನ್ಸೀವರ್, ಅಂದರೆ ಹಿಮದಡಿ ಹೂತುಹೋದವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ಸಿಗ್ನಲ್ ಯಂತ್ರ, ಪರೀಕ್ಷೆ ಮಾಡಿ. ಒಬ್ಬರು ಹುಡುಕುವ ಮೋಡ್‌ನಲ್ಲಿ ನಿಲ್ಲಬೇಕು, ಉಳಿದವರು ಒಬ್ಬೊಬ್ಬರಾಗಿ ದಾಟಬೇಕು. ಹಗ್ಗದ ಹಾರ್ನೆಸ್ ಹಟ್‌ನಲ್ಲೇ ಹಾಕಿಕೊಳ್ಳಿ. ಸ್ಕೀ ಕ್ರ್ಯಾಂಪಾನ್, ಅಂದರೆ ಹಲಗೆಗೆ ಸಿಕ್ಕಿಸುವ ಹಲ್ಲು ಪಟ್ಟಿ, ಚೀಲದ ಮೇಲ್ಗಡೆ ಇರಲಿ. ಹಟ್ ನಿಂತಿರುವುದೇ ಬಂಡೆಯ ಅಂಚಿನಲ್ಲಿ. ಅಲ್ಲಿಂದ ಕೋಲ್ ದ ಶೆರ್ಮೊತಾನ್ ಕಡೆಗೆ ಕತ್ತಲಲ್ಲಿ, ಗಾಜಿನಂತಹ ಗಟ್ಟಿ ಹಿಮದ ಮೇಲೆ ಅಡ್ಡ ಹೋಗಬೇಕು. ಮೂರು ಸಲದಲ್ಲಿ ಎರಡು ಸಲ ನಮ್ಮ ಗುಂಪಿನಲ್ಲಿ ಯಾರಾದರೂ ಬಿದ್ದದ್ದು ಇಲ್ಲೇ. ನಿದ್ದೆಗಣ್ಣು, ತಣ್ಣನೆಯ ಕಾಲು, ಲೈಟಿನ ಸಣ್ಣ ವೃತ್ತ. ಬೂಟನ್ನು ಇಳಿಯುವ ಮೋಡ್‌ಗೆ ಲಾಕ್ ಮಾಡಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿಕೊಳ್ಳಿ.

ನಾವು ಹೊರಟದ್ದು ಬೆಳಿಗ್ಗೆ ಐದೂವರೆಗೆ. ಶೆರ್ಮೊತಾನ್‌ನಿಂದ ಮಾನ್ ಕೊಲೋನ್ ಗ್ಲೇಸಿಯರ್ ಮೇಲೆ ಕೋಲ್ ದ ಲೆವೆಕ್‌ಗೆ ಸಮನಾದ ಏರು. ಇದರ ಬಗ್ಗೆ ಹೇಳುವುದೇನೂ ಇಲ್ಲ, ಸುಮ್ನೆ ನಡೆಯಿರಿ. ಮಾತಾಡುತ್ತಾ ಹತ್ತಲು ಆಗುತ್ತಿದ್ದರೆ ವೇಗ ಸರಿ ಇದೆ. ಏದುಸಿರು ಬಂದರೆ ಜಾಸ್ತಿ ಆಯ್ತು ಅಂತ. ಮೇಲೆ ತಲುಪುವ ಹೊತ್ತಿಗೆ ಬಿಸಿಲು ಬರುತ್ತದೆ, ಕ್ರೀಮ್ ಹಚ್ಚಿಕೊಳ್ಳಿ. ಮೂಗಿನ ಅಡಿಗೆ, ಹೊಳ್ಳೆಗಳ ಒಳ ಅಂಚಿಗೆ, ಗದ್ದದ ಕೆಳಗೆ ಕೂಡ. ಇಲ್ಲಿ ಬಿಸಿಲು ಕೆಳಗಿನಿಂದಲೂ ಬರುತ್ತದೆ. ‘ನಮ್ಮ ಬಣ್ಣಕ್ಕೆ ಏನಾಗಲ್ಲ ಬಿಡಿ’ ಅಂದ ಮಂಗಳೂರಿನ ಡಾಕ್ಟರ್ ಒಬ್ಬರು ನಮ್ಮ ಜೊತೆಗಿದ್ದರು. ಮರುದಿನ ಅವರಿಗೆ ಬಿಸಿ ಕಾಫಿ ಕುಡಿಯಲು ಆಗಲಿಲ್ಲ, ತುಟಿ ಹಾಗೆ ಸುಟ್ಟಿತ್ತು.

ಅಲ್ಲಿಂದ ಕೋಲ್ ಕೊಲೋನ್ ಕಡೆಗೆ ಇಳಿದು, ಎಡಕ್ಕೆ ತಿರುಗಿ ಮೇಲಿನ ಅರೋಲಾ ಗ್ಲೇಸಿಯರ್‌ಗೆ ಬರುತ್ತೀರಿ. ಎದುರಿಗೆ ಮಾನ್ ಬ್ರುಲೆಯ ಇಳಿಜಾರು. ಇಲ್ಲಿ ನಿಲ್ಲಿ. ಟೀ ಕುಡಿಯಿರಿ. ಇಡೀ ದಿನದ ಮುಖ್ಯ ನಿರ್ಧಾರ ಇಲ್ಲೇ ಆಗಬೇಕು.

ಯಾಕೆಂದರೆ ಈ ಜಾಗದವರೆಗೆ ಅರೋಲಾ ಹಳ್ಳಿ ನಿಮ್ಮ ಕೈಗೆ ಸಿಗುವಂತಿದೆ. ಗ್ಲೇಸಿಯರ್ ಹಿಡಿದು ಕೆಳಗೆ ಇಳಿದರೆ ಹಳ್ಳಿ, ಬಸ್ಸು, ಬಿಸಿ ಊಟ. ಮಾನ್ ಬ್ರುಲೆ ದಾಟಿದರೆ ನೀವು ಇಟಲಿಯಲ್ಲಿ, ತ್ಸಾ ದ ತ್ಸಾನ್ ಗ್ಲೇಸಿಯರ್ ಮೇಲೆ. ಅಲ್ಲಿ ಲಿಫ್ಟ್ ಇಲ್ಲ, ರಸ್ತೆ ಇಲ್ಲ. ಮೋಡ ಮುಚ್ಚಿಕೊಂಡರೆ ವಾಪಸ್ ಬರಲು ಇದೇ ಕಡಿದಾದ ಜಾಗವನ್ನು ಮತ್ತೆ ದಾಟಬೇಕು. ಮುಂದೆ ಹೋದರೆ ಸುಮಾರು 3,550 ಮೀಟರ್‌ನ ಕೋಲ್ ದಾಟಿ, ಬಿರುಕು ತುಂಬಿದ ಗ್ಲೇಸಿಯರ್ ಇಳಿಯಬೇಕು. ಬೆಳ್ಳಗೆ ಮುಚ್ಚಿಕೊಂಡಾಗ ಆಕಾಶ ಯಾವುದು ನೆಲ ಯಾವುದು ಅಂತ ಗೊತ್ತಾಗುವುದಿಲ್ಲ. ನಿಂತಿದ್ದೀರೋ ಜಾರುತ್ತಿದ್ದೀರೋ ಅನ್ನುವುದೂ ತಿಳಿಯದೆ ಹೊಟ್ಟೆ ತೊಳಸುತ್ತದೆ.

2018ರ ಏಪ್ರಿಲ್ ಕೊನೆಯಲ್ಲಿ ವಿನ್ಯೆಟ್ ಹಟ್ ಹತ್ತಿರವೇ 14 ಜನ ಬಿರುಗಾಳಿಯಲ್ಲಿ ಸಿಕ್ಕಿಕೊಂಡು ಇಡೀ ರಾತ್ರಿ ಹೊರಗೆ ಕಳೆದರು. ಏಳು ಜನ ತೀರಿಕೊಂಡರು. ಹಟ್ ಅವರಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು. 2024ರ ಮಾರ್ಚ್‌ನಲ್ಲಿ ಝೆರ್ಮಾಟ್‌ನಿಂದ ಅರೋಲಾ ಕಡೆಗೆ ಹೊರಟ ಆರು ಜನ, ವಾಲ್ಪೆಲಿನ್ ಕೋಲ್ ಪಕ್ಕದ ಟೆಟ್ ಬ್ಲಾಂಶ್ ಬಳಿ ಬಿರುಗಾಳಿಗೆ ಸಿಕ್ಕರು. ಯಾರೂ ಬದುಕಿ ಬರಲಿಲ್ಲ. ಈ ಎರಡೂ ಘಟನೆಯನ್ನು ನಾನು ಮಾನ್ ಬ್ರುಲೆ ಕೆಳಗೆ ನಿಂತಾಗ ಬೇಕಂತಲೇ ನೆನಪಿಸಿಕೊಳ್ಳುತ್ತೇನೆ.

ನಮ್ಮ ಗೈಡ್ ಲೆಕ್ಕ ಸರಳ. ಒಂಬತ್ತು ಗಂಟೆಗೆ ಮಾನ್ ಬ್ರುಲೆ ಬುಡದಲ್ಲಿ ಎಲ್ಲರೂ ಇರಬೇಕು. ಮುಂದಿನ ಕೋಲ್ ಕಡೆಯ ಆಕಾಶ ತಿಳಿಯಾಗಿರಬೇಕು. ಗುಂಪಿನಲ್ಲಿ ಯಾರಿಗೂ ಗಾಯ, ವಾಂತಿ, ಮುರಿದ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ಇರಬಾರದು. ಮೂರರಲ್ಲಿ ಒಂದು ತಪ್ಪಿದರೂ ಅರೋಲಾ. ಎರಡನೇ ಸಲ ನಾವು ಅಲ್ಲಿ ತಲುಪಿದ್ದು ಒಂಬತ್ತೂ ಐವತ್ತಕ್ಕೆ. ಹಟ್‌ನಲ್ಲಿ ಫೋಟೋ, ದಾರಿಯಲ್ಲಿ ಫೋಟೋ, ಒಬ್ಬರ ಗ್ಲೌಸ್ ಗಾಳಿಗೆ ಹೋಗಿ ಅದನ್ನು ಹುಡುಕಿದ್ದು. ದಕ್ಷಿಣದಿಂದ ಮೋಡ ಏರುತ್ತಿತ್ತು. ಅವರು ಗಡಿಯಾರ ನೋಡಿದರು, ಸ್ಕೀ ತುದಿಯನ್ನು ಕಣಿವೆ ಕಡೆಗೆ ತಿರುಗಿಸಿದರು, ಅಷ್ಟೇ. ನಾನು ವಾದ ಮಾಡಿದೆ. ಝೆರ್ಮಾಟ್‌ನಲ್ಲಿ ರೂಮ್ ಬುಕ್ ಆಗಿದೆ, ದುಡ್ಡು ವಾಪಸ್ ಬರಲ್ಲ ಅಂದೆ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಅರೋಲಾದಲ್ಲಿ ಬಸ್ಸಿಗೆ ಕಾಯುವಾಗ ಮಳೆ ಶುರುವಾಯಿತು. ಮೇಲೆ ಅದು ಹಿಮಗಾಳಿ. ಆದ್ದರಿಂದ ನನ್ನ ಸಲಹೆ: ಝೆರ್ಮಾಟ್‌ನಲ್ಲಿ ರದ್ದು ಮಾಡಬಹುದಾದ ರೂಮ್ ಮಾತ್ರ ಬುಕ್ ಮಾಡಿ. ಮರುದಿನದ ವಿಮಾನ ಇಟ್ಟುಕೊಳ್ಳಬೇಡಿ.

ಮಾನ್ ಬ್ರುಲೆ ಹತ್ತುವುದು ಹೇಗೆ? ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಿಗ್ಗೆ ನೆರಳು. ಕೊನೆಯ ಭಾಗ ಕಡಿದು. ಸ್ಕೀ ಬಿಚ್ಚಿ ಚೀಲದ ಪಕ್ಕಕ್ಕೆ ಕಟ್ಟಿ, ಬೂಟಿಗೆ ಕ್ರ್ಯಾಂಪಾನ್ ಹಾಕಿ, ಐಸ್ ಆಕ್ಸ್ ಹಿಡಿದು ನೇರ ಹತ್ತುವುದು. ಎಲ್ಲರೂ ಮಾಡುವ ತಪ್ಪು ಒಂದೇ: ‘ಇನ್ನೂ ನಾಲ್ಕು ಹೆಜ್ಜೆ ಸ್ಕೀ ಮೇಲೇ ಹೋಗೋಣ’ ಅಂತ ಹೋಗಿ, ಆಮೇಲೆ ಇಳಿಜಾರಿನ ನಡುವೆ ಒಂಟಿಕಾಲಲ್ಲಿ ನಿಂತು ಬೈಂಡಿಂಗ್ ಬಿಚ್ಚುವುದು. ಕೈ ಜಾರಿದ ಸ್ಕೀ ನಿಮಗಿಂತ ಮೊದಲು ಅರೋಲಾ ಸೇರುತ್ತದೆ. ಸಮತಟ್ಟು ಇರುವಲ್ಲೇ ಬಿಚ್ಚಿ. ಮುಂದಿನವರ ಹೆಜ್ಜೆ ಗುಂಡಿಯಲ್ಲೇ ಕಾಲಿಡಿ, ಅವರ ನೇರ ಕೆಳಗೆ ನಿಲ್ಲಬೇಡಿ.

ಆ ಕಡೆ ಸ್ವಲ್ಪವೇ ಇಳಿತ. ಆಮೇಲೆ ಮತ್ತೆ ಸ್ಕಿನ್, ಮತ್ತೆ ನಾಲ್ಕು ನೂರು ಮೀಟರ್‌ಗಿಂತ ಜಾಸ್ತಿ ಏರು. ಬೆಳಿಗ್ಗೆ ಹಟ್‌ನಲ್ಲಿ ಫ್ರೆಂಚ್, ಈಗ ಇಟಲಿ, ಸಂಜೆಗೆ ಜರ್ಮನ್. ಒಂದೇ ದಿನ ಮೂರು ಭಾಷೆ ಅಂತ ನಗುತ್ತಿದ್ದೆವು, ಹತ್ತು ನಿಮಿಷದಲ್ಲಿ ನಗು ನಿಂತಿತು. ಗಾಳಿ ಇಲ್ಲದ ದಿನ ಈ ಗ್ಲೇಸಿಯರ್ ಬಾಣಲೆಯ ಹಾಗೆ ಕಾಯುತ್ತದೆ. ಒದ್ದೆ ಹಿಮ ಸ್ಕಿನ್ ಅಡಿಗೆ ಗುಡ್ಡೆ ಕಟ್ಟಿ ಪ್ರತಿ ಕಾಲೂ ಎರಡು ಕೆಜಿ ಭಾರ ಆಗುತ್ತದೆ. ಹತ್ತುವ ಮೊದಲೇ ಸ್ಕಿನ್ ಕೂದಲಿಗೆ ಮೇಣ ಉಜ್ಜಿಕೊಳ್ಳಿ. ಗುಡ್ಡೆ ಕಟ್ಟಿದ ಮೇಲೆ ಉಜ್ಜಿದರೆ ಉಪಯೋಗ ಕಮ್ಮಿ. ಹಗ್ಗ ಕಟ್ಟಿಕೊಳ್ಳಬೇಕೋ ಬೇಡವೋ ಅಂತ ಗುಂಪಿನಲ್ಲಿ ಚರ್ಚೆ ಶುರುವಾದರೆ, ಕಟ್ಟಿಕೊಳ್ಳಿ.

ವಾಲ್ಪೆಲಿನ್ ಮೇಲೆ ಕಾಲಿಟ್ಟ ಕೂಡಲೇ ಮ್ಯಾಟರ್‌ಹಾರ್ನ್ ಎದುರಿಗೆ. 4,478 ಮೀಟರ್. ಆದರೆ ನನಗೆ ಮೊದಲ ಸಲ ಗುರುತೇ ಸಿಗಲಿಲ್ಲ. ಚಾಕ್ಲೆಟ್ ಡಬ್ಬದ ಮೇಲೆ ನೋಡಿದ್ದ ಚೂಪು ಆಕಾರ ಝೆರ್ಮಾಟ್ ಕಡೆಯಿಂದ ಕಾಣುವುದು. ಇಲ್ಲಿ ನೀವು ಅದರ ಬೆನ್ನ ಕಡೆ ಇರುತ್ತೀರಿ. ಅಗಲವಾಗಿ, ಒರಟಾಗಿ, ಯಾರೋ ಅಪರಿಚಿತರ ಹಾಗೆ ಕಾಣುತ್ತದೆ. ಪಕ್ಕದ ಡಾನ್ ದೆರಾನ್ಸ್ ಶಿಖರವೇ ನನಗೆ ಚಂದ ಅನ್ನಿಸಿತು. ನೋಡಿ, ಆದರೆ ಕಾಲು ಗಂಟೆ ಸಾಕು. ಇಳಿಯುವ ದಾರಿ ಪೂರ್ವಕ್ಕೆ, ಬೆಳಗಿನಿಂದ ಬಿಸಿಲು ತಿಂದಿರುತ್ತದೆ. ಹನ್ನೆರಡರ ಮೊದಲು ಇಲ್ಲಿಂದ ಹೊರಟರೆ ಬನ್ಸಿ ರವೆಯ ಕೊನೆಯ ಪಾಲು ಸಿಗುತ್ತದೆ.

ಸ್ಟೋಕ್ಯಿ ಗ್ಲೇಸಿಯರ್‌ನಲ್ಲಿ ದೊಡ್ಡ ದೊಡ್ಡ ಬಿರುಕುಗಳಿವೆ. ಮುಂದೆ ಹೋದವರ ಗೆರೆ ಇದೆ ಅಂತ ಕಣ್ಣು ಮುಚ್ಚಿ ಹೋಗಬೇಡಿ, ಗೆರೆ ಹಾಕಿದವರಿಗೂ ಗೊತ್ತಿರಬೇಕು ಅಂತೇನಿಲ್ಲ. ಹಳೆಯ ಮ್ಯಾಪ್ ಕೂಡ ನಂಬಬೇಡಿ. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಸ್ ಗ್ಲೇಸಿಯರ್‌ಗಳು ಹತ್ತರಲ್ಲಿ ಒಂದು ಪಾಲು ಮಂಜುಗಡ್ಡೆ ಕಳೆದುಕೊಂಡವು. ಹೋದ ಸಲ ಸಲೀಸಾಗಿ ಜಾರಿದ ಜಾಗದಲ್ಲಿ ಈ ಸಲ ಕಲ್ಲುರಾಶಿ ಇತ್ತು. ಸ್ವಿಸ್‌ಟೋಪೋ ಆ್ಯಪ್‌ನಲ್ಲಿ ಹೊಸ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಫೋನ್ ಮೈಗೆ ಹತ್ತಿರ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಸಾಯುತ್ತದೆ.

ಕೆಳಗೆ ಝ್ಮುಟ್ ಗ್ಲೇಸಿಯರ್ ಸೇರಿದ ಮೇಲೆ ಎಲ್ಲರಿಗೂ ‘ಮುಗೀತು’ ಅನ್ನಿಸುತ್ತದೆ. ಮುಗಿದಿಲ್ಲ. ಬಲಗಡೆ ಮ್ಯಾಟರ್‌ಹಾರ್ನ್‌ನ ಉತ್ತರ ಮುಖ, ಅಲ್ಲಿ ಮಂಜುಗಡ್ಡೆಗಳು ನೇತಾಡುತ್ತಿವೆ. ಎಡಗಡೆ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಮಧ್ಯಾಹ್ನ ಅಲ್ಲಿಂದ ಒದ್ದೆ ಹಿಮ ಜಾರಿ ಬರುತ್ತದೆ. ಇಲ್ಲಿ ಊಟಕ್ಕೆ ಕೂರಬೇಡಿ. ಒಬ್ಬರಿಂದ ಒಬ್ಬರಿಗೆ ದೂರ ಬಿಟ್ಟು, ನಿಲ್ಲದೆ ಹೋಗಿ. ಏನಾದರೂ ಆದರೆ ವಾಲೆ ಪ್ರಾಂತ್ಯದಲ್ಲಿ 144ಕ್ಕೆ ಫೋನ್ ಮಾಡಿ. ಇಟಲಿ ಕಡೆ ಇದ್ದರೆ 112. ಎರಡೂ ನಂಬರ್ ಹಿಂದಿನ ರಾತ್ರಿಯೇ ಫೋನ್‌ನಲ್ಲಿ ಸೇವ್ ಆಗಿರಲಿ.

ಸ್ಟಾಫೆಲ್ ಹತ್ತಿರ ಬಂದಾಗ ಹಿಮ ಎಷ್ಟಿದೆ ಅನ್ನುವುದರ ಮೇಲೆ ಮುಂದಿನದ್ದು. ಮಾರ್ಚ್‌ನಲ್ಲಿ ಊರ ಹತ್ತಿರದವರೆಗೆ ಜಾರಬಹುದು. ಏಪ್ರಿಲ್ ಕೊನೆಗೆ ಸ್ಕೀ ಹೆಗಲ ಮೇಲೆ, ಪ್ಲಾಸ್ಟಿಕ್ ಬೂಟಿನಲ್ಲಿ ಮಣ್ಣಿನ ದಾರಿ. ನಾನು ಕೊನೆಯ ಒಂದು ಗಂಟೆ ಕಾಲುಬೆರಳಿಗೆ ಬೈದುಕೊಳ್ಳುತ್ತಾ ನಡೆದೆ. ವಾರದಿಂದ ಬಿಳಿ, ನೀಲಿ ಬಿಟ್ಟು ಬೇರೆ ಬಣ್ಣ ನೋಡಿರಲಿಲ್ಲ. ದಾರಿ ಪಕ್ಕದಲ್ಲಿ ಕೊಳೆತ ಹುಲ್ಲಿನ ನಡುವೆ ನೇರಳೆ ಬಣ್ಣದ ಕ್ರೋಕಸ್ ಹೂಗಳಿದ್ದವು. ಹಸಿ ಮಣ್ಣಿನ ವಾಸನೆ ಬಂತು. ಮಂಗಳೂರಿನ ಡಾಕ್ಟರ್ ನಿಂತು, ಸುಟ್ಟ ತುಟಿಯಲ್ಲೇ, ‘ಮಳೆ ವಾಸನೆ ಅಲ್ವಾ?’ ಅಂದರು.

ಝೆರ್ಮಾಟ್‌ನಲ್ಲಿ ಕಾರು ಇಲ್ಲ, ಸಣ್ಣ ಎಲೆಕ್ಟ್ರಿಕ್ ಗಾಡಿಗಳು ಸದ್ದಿಲ್ಲದೆ ಹಿಂದಿನಿಂದ ಬರುತ್ತವೆ, ಹೆಗಲ ಮೇಲಿನ ಸ್ಕೀ ತಿರುಗಿಸುವಾಗ ಹುಷಾರು. ಊಟ ಮಾಡಿ. ಗೈಡ್‌ಗೆ ಟಿಪ್ ಕೊಡಿ. ಫಿಸ್ಪ್ ಕಡೆಯ ರೈಲು ಹತ್ತುವ ಮೊದಲು ಬೂಟ್ ಬಿಚ್ಚಿ, ಸಾಕ್ಸ್ ಬದಲಿಸಿ, ಬೋಗಿಯಲ್ಲಿ ಬೇರೆಯವರೂ ಕೂತಿರುತ್ತಾರೆ. ಮನೆಗೆ ಹೋದ ರಾತ್ರಿಯೇ ಸ್ಕಿನ್ ಬಿಚ್ಚಿ ಬಾತ್‌ರೂಮಿನಲ್ಲಿ ನೇತುಹಾಕಿ. ಇನ್ನೊಂದು: ಟ್ರಾನ್ಸೀವರ್ ಆಫ್ ಮಾಡಿ, ಬ್ಯಾಟರಿ ತೆಗೆದಿಡಿ. ಮೊದಲ ಸಲ ನನ್ನದು ಬೆರ್ನ್ ಸ್ಟೇಷನ್‌ನಲ್ಲಿ, ಸ್ವೆಟರ್ ಅಡಿಯಲ್ಲಿ, ಇನ್ನೂ ಮಿಣುಕುತ್ತಲೇ ಇತ್ತು.